ಧಾರವಾಡದಲ್ಲಿ ಮೂರು ದಿನ

2024ರ ಜುಲೈ ತಿಂಗಳಲ್ಲಿ ನಾವು ಮೂರು ದಿನಗಳ ಮಟ್ಟಿಗೆ ಧಾರವಾಡಕ್ಕೆ ಹೋಗಿದ್ದೆವು. ಹೋದದ್ದು ಒಂದು ಪುಸ್ತಕ ಬಿಡುಗಡೆಯ ನೆಪದಿಂದ. ಹಿಂದೆ ನಮ್ಮ ಹತ್ತಿರ ಪಾಠ ಹೇಳಿಸಿಕೊಂಡ ಅಧ್ಯಾಪಕರೊಬ್ಬರು ತಮ್ಮ ಪ್ರಬಂಧಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಿದ್ದರು. "ತಾವು ಬಂದು ನಾಲ್ಕು ಮಾತು ಆಡಲೇಬೇಕು" ಎಂದು ಪತ್ರ ಬರೆದುದಲ್ಲದೆ ದೂರವಾಣಿಯಲ್ಲಿಯೂ ಒತ್ತಾಯಿಸಿದರು. ಆಷಾಢದ ಮಳೆ, ನಮ್ಮ ಮಂಡಿನೋವು, ಈ ಎರಡನ್ನೂ ಮುಂದೊಡ್ಡಿ ತಪ್ಪಿಸಿಕೊಳ್ಳಬಹುದಾಗಿತ್ತು. ತಪ್ಪಿಸಿಕೊಳ್ಳಲಿಲ್ಲ. ಏಕೆಂಬುದನ್ನು ಆಗ ನಮಗೆ ನಾವೇ ಹೇಳಿಕೊಂಡಿರಲಿಲ್ಲ.

ಧಾರವಾಡ ನಮಗೆ ಹೊಸ ಊರಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿತು, 1980ರಲ್ಲಿ ಎಂ.ಎ. ಓದುವುದಕ್ಕಾಗಿ ದಾವಣಗೆರೆಯಿಂದ ಅಲ್ಲಿಗೆ ಹೋದವರು ನಾವು. ಒಂದು ಪ್ರಸಾದನಿಲಯದಲ್ಲಿ ಎರಡು ವರ್ಷ ಉಂಡೆವು, ಓದಿದೆವು. ಅಲ್ಲಿಯ ನಿಯಮಗಳಲ್ಲಿ ಒಂದು, ಹೊರಗೆ ಹೋಟೆಲು ಚಹಾದಂಗಡಿಗಳಲ್ಲಿ ಏನನ್ನೂ ಸೇವಿಸಕೂಡದು ಎಂಬುದು. ಪೂಜೆ ಮುಗಿದ ಮೇಲೆ ಪ್ರಸಾದ, ಪ್ರಸಾದದ ನಂತರ ಓದು. ನಡುವೆ ಬಾಯಿಗೆ ಕೆಲಸವಿಲ್ಲ. ಆದರೆ ಇಪ್ಪತ್ತೆರಡರ ವಯಸ್ಸಿಗೆ ಧಾರವಾಡದ ಮಳೆಗಾಲದ ಸಂಜೆ ಎಂದರೆ ಏನು ಎಂಬುದು ಅನುಭವಿಸಿದವರಿಗೇ ಗೊತ್ತು. ನಾವೂ ನಮ್ಮ ಕೋಣೆಯ ಗೆಳೆಯರೂ ಕೂಡಿ ವಾರಕ್ಕೊಮ್ಮೆ ಕದ್ದು ಚಹಾ ಕುಡಿದು ಬರುತ್ತಿದ್ದೆವು. ಇಬ್ಬರ ನಡುವೆ ಒಂದೇ ಚಹಾ. ನಮಗೆ ಕಪ್ಪು, ಅವರಿಗೆ ಬಸಿ. ಬಸಿಯಲ್ಲಿ ಬೇಗ ಆರುತ್ತದೆ ಎಂಬುದು ಅವರ ವಾದ. ಕಪ್ಪಿನಲ್ಲಿ ಒಂದೆರಡು ಗುಟುಕು ಹೆಚ್ಚು ಉಳಿಯುತ್ತದೆ ಎಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆ ಗೆಳೆಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಸೇರದು. ಅವರೊಡನೆ ನಾವು ಮಾತು ಬಿಟ್ಟು ಇಪ್ಪತ್ತೆರಡು ವರ್ಷಗಳಾಗಿದ್ದವು ಎಂಬುದನ್ನು ಮಾತ್ರ ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಹುಬ್ಬಳ್ಳಿಯಲ್ಲಿ ರೈಲಿನಿಂದ ಇಳಿದು, ಬಂಧುಗಳ ಮನೆಯಲ್ಲಿ ಸ್ನಾನ ಪೂಜೆಗಳನ್ನು ಮುಗಿಸಿ, ಚಿಗರಿ ಬಸ್ಸಿನಲ್ಲಿ ಧಾರವಾಡ ಸೇರಿದೆವು. ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟವರು ಪುಣ್ಯವಂತರು. ಹಳೆಯ ಕೆಂಪು ಬಸ್ಸಿನಲ್ಲಿ ನಿಂತು, ತೂಗಾಡಿ, ಬೆವರಿ ತಲುಪುತ್ತಿದ್ದ ಸುಮಾರು ಇಪ್ಪತ್ತು ಕಿಲೋಮೀಟರನ್ನು ಕಿಟಕಿಯ ಪಕ್ಕ ತಣ್ಣಗೆ ಕುಳಿತು ದಾಟಿದೆವು.

ಸಮಾರಂಭ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ. 1890ನೆಯ ಇಸವಿ ಜುಲೈ 20ರಂದು ಸ್ಥಾಪನೆಯಾದ ಸಂಸ್ಥೆ ಅದು. ನಾವು ಹೋದದ್ದು ಅದರ ಹುಟ್ಟುದಿನದ ಆಸುಪಾಸಿನಲ್ಲಿಯೇ. ಮುಂಬಯಿ ಆಧಿಪತ್ಯದಲ್ಲಿ ಮರಾಠಿಯ ನೆರಳಿನಲ್ಲಿ ಕನ್ನಡ ಮುದುಡಿದ್ದ ಆ ಕಾಲದಲ್ಲಿ ರಾ.ಹ. ದೇಶಪಾಂಡೆಯವರು ಇದನ್ನು ಕಟ್ಟಿದರು. ನಾವೆಲ್ಲ ಸಭೆಯ ಕೊನೆಗೆ ಕೂಗುವ 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವನ್ನು ಕೊಟ್ಟವರೂ ಅವರೇ. ಅದಕ್ಕೂ ಮುಂಚೆ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆಗಳನ್ನು ತೆರೆಯಿಸಿ ನೆಲವನ್ನು ಹದ ಮಾಡಿದ್ದರು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ನಮ್ಮ ಮಕ್ಕಳ ವಿದ್ಯಾಭ್ಯಾಸಕ್ಕೆಂದು 1883ರಲ್ಲಿಯೇ ನಿಧಿ ಕೂಡಿಸಿದ್ದೂ ಈ ಊರಿನಲ್ಲಿಯೇ. ವಚನಗಳ ಓಲೆಗರಿಗಳಿಗಾಗಿ ಮನೆಮನೆ ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ.ಗು. ಹಳಕಟ್ಟಿಯವರು 1880ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಇಂಥ ಊರಿನ ವೇದಿಕೆಯ ಮೇಲೆ ನಿಂತು ನಾಲ್ಕು ಮಾತು ಆಡುವವನ ನಾಲಗೆ ಸ್ವಲ್ಪ ಒಣಗುವುದು ಸಹಜ.

ಮಳೆ ಜೋರಾಗಿದ್ದುದರಿಂದ ಸಭೆ ತಡವಾಗಿ ಆರಂಭವಾಯಿತು. ಐವತ್ತು ಜನ ಕೂಡಿರಬಹುದು. ಬಹುತೇಕ ನೆರೆತ ತಲೆಗಳು. ಪಾಟೀಲ ಪುಟ್ಟಪ್ಪನವರು ಅರ್ಧ ಶತಮಾನ ಮೀರಿ ಅಧ್ಯಕ್ಷರಾಗಿದ್ದ ಸಂಘವಿದು. ಅವರ ಗುಡುಗು ಕೇಳಿದ ಕಿವಿಗಳಿಗೆ ಉಳಿದವರ ಮಾತೆಲ್ಲ ಪಿಸುಮಾತಿನಂತೆ ತೋರುವುದು ನಿಜ. ಪ್ರಾರ್ಥನೆ, ಸ್ವಾಗತ, ಹಾರ, ಬಿಡುಗಡೆ, ಮತ್ತೆ ಹಾರ. ನಮ್ಮ ಸರದಿ ಬಂತು. ಮಾತು ಆರಂಭಿಸಿ ಐದು ನಿಮಿಷವಾಗಿತ್ತು. ಬಾಗಿಲಲ್ಲಿ ಒಬ್ಬ ಹುಡುಗಿ ಛತ್ರಿ ಮಡಚಿದಳು. ಅವಳ ಹೆಗಲ ಮೇಲೆ ಕೈಯಿಟ್ಟು, ಕಪ್ಪು ಕನ್ನಡಕ ಧರಿಸಿದ ಒಬ್ಬರು ಒಳಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತರು. ನಡಿಗೆಯಿಂದಲೇ ಗುರುತು ಸಿಕ್ಕಿತು. ಮಾತಿನ ಎಳೆ ತಪ್ಪಿತು. ಪ್ರಬಂಧ ಸಾಹಿತ್ಯದ ಬಗ್ಗೆ ಹೇಳಲು ಬರೆದುಕೊಂಡಿದ್ದ ಏಳು ಅಂಶಗಳಲ್ಲಿ ಮೂರನ್ನು ಹೇಳಿ ಕುಳಿತೆವು. ಸಮಯಪಾಲನೆ ಮಾಡಿದೆವೆಂದು ಅಧ್ಯಕ್ಷರು ಹೊಗಳಿದರು.

ಸಭೆ ಮುಗಿದ ಬಳಿಕ ಲೇಖಕರೂ ಅವರ ಐದಾರು ಜನ ಮಿತ್ರರೂ ನಮ್ಮನ್ನು ಚಹಾಕ್ಕೆ ಎಳೆದುಕೊಂಡು ಹೋದರು. ಸಂಘದಿಂದ ಹೊರಬಿದ್ದು ಒಂದು ತಿರುವು ದಾಟಿದರೆ ಸಿಗುವ ಅಂಗಡಿ. ಹೆಸರಿನ ಹಲಗೆಯೂ ಇಲ್ಲ. ಎರಡು ಬಾಕುಗಳು, ತಗಡಿನ ಇಳಿಜಾರು, ಒಳಗೆ ಭರ್ರೆನ್ನುವ ಒಲೆ. ಮಠದ ಶಿಸ್ತಿನಿಂದಲೋ ಸಂಕೋಚದಿಂದಲೋ ನಾವು ಇಷ್ಟು ವರ್ಷ ಬೀದಿಯ ಬಾಕಿನ ಮೇಲೆ ಕುಳಿತವರಲ್ಲ. ಅಂದು ಕುಳಿತೆವು. ಶುಂಠಿ ಜಜ್ಜಿ ಹಾಕಿದ ಚಹಾ, ಪುಟ್ಟ ಗಾಜಿನ ಲೋಟದಲ್ಲಿ ಅರ್ಧರ್ಧ. ಪೂರ್ತಿ ಲೋಟವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅರ್ಧ ಕುಡಿದು, ಮಾತಾಡಿ, ಮತ್ತೆ ಅರ್ಧ ಹೇಳುವುದು ಅಲ್ಲಿಯ ರೂಢಿ.

ನಿಜವಾದ ಸಭೆ ನಡೆದದ್ದು ಆ ಬಾಕಿನ ಮೇಲೆ. ವೇದಿಕೆಯಿಂದ ಪುಸ್ತಕವನ್ನು ಬಾಯ್ತುಂಬ ಹೊಗಳಿದ್ದ ಒಬ್ಬ ನಿವೃತ್ತ ಶಿಕ್ಷಕರು ಚಹಾ ಒಂದು ಗುಟುಕು ಹೀರಿ, "ನೋಡ್ರಿ, ನಿಮ್ಮ ಮೂರನೇ ಪ್ರಬಂಧ ಬ್ಯಾಡಾಗಿತ್ತು. ಅದರಾಗ ನೀವು ಇಲ್ಲವೇ ಇಲ್ಲ, ಬರೇ ಓದಿದ ಪುಸ್ತಕ ಅದಾವ" ಎಂದರು. ನಮಗೆ ಗಾಬರಿ. ಲೇಖಕರ ಮುಖ ಕೆಂಪಾಯಿತು. ಆದರೂ "ಹೌದ್ರಿ ಸರ್, ನನಗೂ ಹಂಗ ಅನಿಸಿತ್ತು, ಪುಟ ಸಾಲದ ಸೇರಿಸಿದೆ" ಎಂದುಬಿಟ್ಟರು. ಎಲ್ಲರೂ ನಕ್ಕರು. ಇನ್ನೊಬ್ಬರು ಅದೇ ಪ್ರಬಂಧವನ್ನು ಸಮರ್ಥಿಸಿದರು. ಜಗಳ ಹತ್ತಿತು. ಅಂಗಡಿಯಾತ ಕೇಳದೆಯೇ ಎರಡನೆಯ ಸುತ್ತು ತಂದಿಟ್ಟ. ಹಣ ಕೊಟ್ಟವರು ಆ ಶಿಕ್ಷಕರೇ.

ಇದನ್ನು ಕಂಡು ನಮ್ಮ ಎದೆಯಲ್ಲಿ ಚುರುಕ್ಕೆಂದಿತು. ಕಾರಣವೇನೆಂದರೆ, 2002ರಲ್ಲಿ ನಮ್ಮ ಆ ಗೆಳೆಯರು ಒಬ್ಬ ಅಪ್ರಸಿದ್ಧ ಶರಣರ ವಚನಗಳನ್ನು ಓಲೆಗರಿಗಳಿಂದ ಸಂಪಾದಿಸಿ ಪ್ರಕಟಿಸಿದ್ದರು. ನಾವು ಅದಕ್ಕೆ ವಿಮರ್ಶೆ ಬರೆದೆವು. ಒಂದು ಪಾಠ ತಪ್ಪಾಗಿದೆ ಎಂದು ತೋರಿಸಹೊರಟು, ಕೊನೆಗೆ 'ಗ್ರಂಥಸಂಪಾದನೆಯ ಓನಾಮವೂ ತಿಳಿಯದವರ ಕೆಲಸ' ಎಂದು ಬರೆದೆವು. ದಾವಣಗೆರೆಯ ನಮ್ಮ ಮೇಜಿನ ಮುಂದೆ ಕುಳಿತು ಬರೆದದ್ದು. ಎದುರಿಗೆ ಅವರಿರಲಿಲ್ಲ. ಅವರ ಮುಖ ಕೆಂಪಾದುದನ್ನು ನಾವು ನೋಡಲಿಲ್ಲ. ಅವರು ಉತ್ತರ ಬರೆಯಲಿಲ್ಲ. ಪತ್ರ ನಿಂತಿತು. ಮಗಳ ಮದುವೆಗೆ ಕರೆಯೋಲೆ ಬರಲಿಲ್ಲ.

ಬಾಕಿನ ಇನ್ನೊಂದು ತುದಿಯಲ್ಲಿ ಅವರನ್ನು ಮೊಮ್ಮಗಳು ತಂದು ಕೂರಿಸಿದ್ದಳು. ಯಾರೋ "ದಾವಣಗೆರೆ ಶಾಸ್ತ್ರಿಗಳು ಇಲ್ಲೇ ಅದಾರ್ರಿ" ಎಂದರು. ಅವರು ನಮ್ಮ ಕಡೆ ಮುಖ ತಿರುಗಿಸಿ, "ಆರಾಮ ಇದ್ದೀರಿ?" ಎಂದು ಕೇಳಿದರು. ಇದ್ದೇವೆ ಎಂದೆವು. ಅಷ್ಟೇ. ಎರಡು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವರ ಬಾಯಲ್ಲಿ ಆ 'ಇದ್ದೀರಿ' ಎಂಬ ಬಹುವಚನ ನಮ್ಮನ್ನು ಆ ರಾತ್ರಿಯೆಲ್ಲ ನಿದ್ರೆಗೆಡಿಸಿತು.

ಮರುದಿನ ಬೆಳಿಗ್ಗೆ ಲೇಖಕರ ಜೊತೆಗೂಡಿ ಸುಭಾಸ ರಸ್ತೆಯ ಅಟ್ಟಕ್ಕೆ ಹೋದೆವು. ಅಟ್ಟ ಎಂದರೆ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಪ್ರಕಟನ ಸಂಸ್ಥೆ. ಕೀರ್ತಿನಾಥ ಕುರ್ತಕೋಟಿಯವರು ಕುಳಿತು ಹರಟಿದ ಜಾಗ. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಪುಸ್ತಕವಾದದ್ದು ಇಲ್ಲಿಂದಲೇ. ವಿದ್ಯಾರ್ಥಿಗಳಾಗಿದ್ದಾಗ ನಮಗೆ ಆ ಮೆಟ್ಟಿಲು ಹತ್ತುವ ಧೈರ್ಯವಿರಲಿಲ್ಲ. ಹೊಸ ಸಾಹಿತ್ಯದವರ ಅಡ್ಡೆ, ನಮ್ಮಂಥ ಮಠದ ಹುಡುಗರಿಗೆ ಅಲ್ಲೇನು ಕೆಲಸ ಎಂದು ಕೆಳಗಿನಿಂದಲೇ ನೋಡಿ ಮುಂದೆ ಸಾಗುತ್ತಿದ್ದೆವು. ನಲವತ್ತು ವರ್ಷಗಳ ಮೇಲೆ, ಮಂಡಿ ಹಿಡಿದುಕೊಂಡು ಹತ್ತಿದೆವು. ಯಾರೂ ನೀವು ಯಾರೆಂದು ಕೇಳಲಿಲ್ಲ. ಎರಡು ಪುಸ್ತಕ ಕೊಂಡೆವು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಯಿತು.

ಮಧ್ಯಾಹ್ನದ ಊಟ ಖಾನಾವಳಿಯಲ್ಲಿ. ಬಸಪ್ಪ ಖಾನಾವಳಿಯ ಹೆಸರು ಹೊರಗಿನವರಿಗೂ ಗೊತ್ತು. ಅದರ ಹೊರತಾಗಿಯೂ ಈ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳು ನಡೆಸುವ ಚಿಕ್ಕ ಚಿಕ್ಕ ಖಾನಾವಳಿಗಳು ಓಣಿಗೊಂದರಂತೆ ಇವೆ. ನಾವು ಹೊಕ್ಕದ್ದು ಅಂಥದೊಂದನ್ನು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ನಾವು ಎರಡು ರೊಟ್ಟಿಗೆ ಕೈ ಅಡ್ಡ ಹಿಡಿದರೆ, ಆ ತಾಯಿ "ಅಜ್ಜಾರ, ಎರಡು ರೊಟ್ಟಿ ಉಂಡು ಎದ್ರ ನಮ್ಮ ಮನಿ ಮರ್ಯಾದಿ ಏನಾಗಬೇಕ್ರಿ?" ಎಂದು ಮೂರನೆಯದನ್ನು ತಾಟಿಗೆ ಹಾಕಿಯೇಬಿಟ್ಟರು. ಹಣ ಕೊಟ್ಟು ಉಣ್ಣುವ ಊಟದಲ್ಲಿಯೂ ಮಹಾಮನೆಯ ಪಂಕ್ತಿಯ ನೆನಪು ಬಂದರೆ ಅದು ಬಡಿಸುವವರ ಗುಣ.

ಎದುರಿಗೆ ಕೊಪ್ಪಳ ಕಡೆಯ ಒಬ್ಬ ಹುಡುಗ ಉಣ್ಣುತ್ತಿದ್ದ. ಎಡಗೈಯಲ್ಲಿ ಮಡಚಿದ ಪುಸ್ತಕ. ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗಾಗಿ ಊರೂರುಗಳಿಂದ ಬಂದು ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದಿರುವ ಸಾವಿರಾರು ಮಕ್ಕಳಲ್ಲಿ ಒಬ್ಬ. ತುತ್ತಿನ ನಡುವೆ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದ. "ಕರ್ನಾಟಕ ವಿದ್ಯಾವರ್ಧಕ ಸಂಘ, 1890, ರಾ.ಹ. ದೇಶಪಾಂಡೆ" ಎಂಬುದೂ ಕಿವಿಗೆ ಬಿತ್ತು. ಸಂಘಕ್ಕೆ ಹೋಗಿದ್ದೀಯೇನಪ್ಪಾ ಎಂದು ಕೇಳಿದೆವು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಅದು ಇಲ್ಲೇ ಐತೇನ್ರಿ? ಒಳಗ ಬಿಡ್ತಾರೇನ್ರಿ?" ಎಂದ.

ಈ ಪ್ರಶ್ನೆ ನಮ್ಮನ್ನು ಬಹಳ ಹೊತ್ತು ಕಾಡಿತು. ನಾವೂ ಅಟ್ಟದ ಮೆಟ್ಟಿಲ ಕೆಳಗೆ ನಿಂತು ಇದನ್ನೇ ಕೇಳಿಕೊಂಡವರಲ್ಲವೆ? ಸಾಹಿತ್ಯ ಸಭೆಗಳಿಗೆ ಯುವಕರು ಬರುವುದಿಲ್ಲ ಎಂದು ಗೊಣಗುವುದು ನಮ್ಮ ವಯಸ್ಸಿನವರ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಬಾ ಎಂದು ಕರೆದವರು ಯಾರು? ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ 2013ರಲ್ಲಿ ಧಾರವಾಡ ಸಾಹಿತ್ಯ ಸಂಭ್ರಮ ಆರಂಭವಾದಾಗ ಸಭಾಂಗಣ ತುಂಬಿ ತುಳುಕಿತ್ತು ಎಂಬುದನ್ನು ನಮಗೆ ಹೋಗಿಬಂದವರು ಹೇಳಿದ್ದರು. ಕೇಳುವ ಜನ ಇದ್ದಾರೆ. ಬಾಗಿಲು ತೆರೆದಿದೆ ಎಂದು ಅವರಿಗೆ ತಿಳಿದಿಲ್ಲ, ಅಷ್ಟೇ. ಹುಡುಗನಿಗೆ ದಾರಿ ಹೇಳಿದೆವು. ಹೋದನೋ ಇಲ್ಲವೋ ತಿಳಿಯದು.

ಸಾಯಂಕಾಲ ಸಾಧನಕೇರಿ. 1981ರಲ್ಲಿ ಬೇಂದ್ರೆಯವರು ತೀರಿಕೊಂಡಾಗ ನಾವು ವಿದ್ಯಾರ್ಥಿಗಳು. ಅದಕ್ಕೆ ಮುನ್ನ ದೂರದಿಂದ ಎರಡು ಮೂರು ಸಲ ಅವರನ್ನು ಕಂಡಿದ್ದುಂಟು. ಈಗ ಅಲ್ಲಿ ಬೇಂದ್ರೆ ಭವನವಿದೆ. ಕೆರೆಯ ದಂಡೆಯಲ್ಲಿ ಮಕ್ಕಳು ಓಡಾಡುತ್ತವೆ. ಮಳೆ ಒಂದು ಗಳಿಗೆ ಬಿಟ್ಟಿತ್ತು. ಹತ್ತಿರದ ಒಂದು ಗೂಡಂಗಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಜೊತೆಗೆ ಗಿರ್ಮಿಟ್. ಮಂಡಕ್ಕಿ ಮೆಣಸಿನಕಾಯಿಯ ವಿಷಯದಲ್ಲಿ ದಾವಣಗೆರೆಯವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಆದರೂ ಧರ್ಮದ ಮಾತು ಹೇಳುವುದಾದರೆ, ಧಾರವಾಡದ ಗಿರ್ಮಿಟ್ಟಿನಲ್ಲಿ ಹುಳಿ, ಬೆಲ್ಲ, ಈರುಳ್ಳಿಯ ಒಗ್ಗರಣೆ, ಪುಟಾಣಿ ಹಿಟ್ಟು ಇವುಗಳ ಹೊಂದಾಣಿಕೆ ಬೇರೆಯೇ ತರಹದ್ದು. ಕಲೆಸಿದ ಕೂಡಲೆ ತಿನ್ನಬೇಕು. ಎರಡು ನಿಮಿಷ ಮಾತಾಡುತ್ತ ನಿಂತರೆ ಮೆತ್ತಗಾಗುತ್ತದೆ. ಸಾಹಿತ್ಯದವರು ತಿನ್ನತಕ್ಕ ಪದಾರ್ಥವಲ್ಲ ಅದು.

ಅಲ್ಲಿಗೆ ಸಮೀಪದ ಒಂದು ಮನೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಕೆಲವರು ಸೇರಿ ಓದುತ್ತಾರೆಂದು ಲೇಖಕರು ಕರೆದೊಯ್ದರು. ಏಳು ಜನ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಇಬ್ಬರು ಗೃಹಿಣಿಯರು, ಒಬ್ಬ ಔಷಧದ ಅಂಗಡಿಯವರು, ಹೀಗೆ. ಹಾರವಿಲ್ಲ, ಧ್ವನಿವರ್ಧಕವಿಲ್ಲ. ಒಬ್ಬರು ಒಂದು ವಚನವನ್ನು ಓದುವುದು, ಉಳಿದವರು ಒಬ್ಬೊಬ್ಬರಾಗಿ ತಮಗೆ ತೋಚಿದ ಅರ್ಥ ಹೇಳುವುದು. ನಮ್ಮನ್ನು ಹಿರಿಯರೆಂದು ಮೊದಲು ಹೇಳಲು ಕೇಳಿಕೊಂಡರು. ಕೊನೆಗೆ ಹೇಳುತ್ತೇವೆಂದು ಕೇಳುತ್ತ ಕುಳಿತೆವು. ಔಷಧದ ಅಂಗಡಿಯವರು ಹೇಳಿದ ಅರ್ಥ ವ್ಯಾಕರಣಕ್ಕೆ ಒಗ್ಗುವಂತಿರಲಿಲ್ಲ. ಬಾಯಿಯವರೆಗೆ ಬಂದ ತಿದ್ದುಪಡಿಯನ್ನು ನುಂಗಿಕೊಂಡೆವು. ಅವರ ಮಾತಿನಲ್ಲಿದ್ದ ಬದುಕು ವ್ಯಾಕರಣದ ನಮ್ಮ ಬದುಕಿಗಿಂತ ದೊಡ್ಡದಿತ್ತು. ನಮ್ಮ ಸರದಿ ಬಂದಾಗ ಶಬ್ದಾರ್ಥವನ್ನಷ್ಟೇ ಹೇಳಿ ಮುಗಿಸಿದೆವು.

ಹೊರಡುವಾಗ ಬಾಗಿಲಲ್ಲಿ ಆ ಛತ್ರಿಯ ಹುಡುಗಿ ಕಾದಿದ್ದಳು. "ಅಜ್ಜಾರ, ನಾಳೆ ಮುಂಜಾನೆ ಎಂಟಕ್ಕ ಯುನಿವರ್ಸಿಟಿ ಗುಡ್ಡದ ಚಾದ ಅಂಗಡಿಗೆ ಬರಾಕ ನಮ್ಮ ಅಜ್ಜ ಹೇಳ್ಯಾನ್ರಿ" ಎಂದಳು. ಬರುತ್ತೇವೆ ತಾಯಿ ಎಂದೆವು.

ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡಕ್ಕೆ ಚಿಕ್ಕ ಮಹಾಬಳೇಶ್ವರ ಎಂದು ಹೆಸರು. ಮೂರನೆಯ ದಿನ ಮುಂಜಾನೆ ಅಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಡಿಯ ದೀಪ ಮೊದಲು ಕಂಡಿತು, ಅಂಗಡಿ ಆಮೇಲೆ ಕಂಡಿತು. ಅವರು ಮೊದಲೇ ಬಂದು ಕುಳಿತಿದ್ದರು. ಮೊಮ್ಮಗಳು ನಮ್ಮನ್ನು ಕೂರಿಸಿ, ತಾನು ಗ್ರಂಥಾಲಯದ ಕಡೆ ಹೋಗಿಬರುವುದಾಗಿ ಹೇಳಿ ಹೊರಟುಹೋದಳು. ಜಾಣ ಹುಡುಗಿ.

ಚಹಾ ಬಂತು. ಯಾರೂ ಮಾತಾಡಲಿಲ್ಲ. ನಮ್ಮಿಬ್ಬರ ನೆನಪೂ ಒಂದೇ ಕಡೆ ತಿರುಗುತ್ತಿರಬೇಕು. ಈ ಗುಡ್ಡದ ಮೇಲೆಯೇ ಎಂ.ಎಂ. ಕಲಬುರ್ಗಿಯವರು ನಮಗೆ ಪಾಠ ಹೇಳಿದವರು. ಗ್ರಂಥಸಂಪಾದನಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನೇ ಬರೆದವರು, 1993ರಲ್ಲಿ ಸರಕಾರ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟಕ್ಕೆ ಪ್ರಧಾನ ಸಂಪಾದಕರು. ಅವರ ಎಷ್ಟೋ ನಿರ್ಣಯಗಳನ್ನು ಒಪ್ಪದವರು ನಮ್ಮಲ್ಲಿಯೇ ಬಹಳ ಜನ ಇದ್ದರು. ಕೆಲವನ್ನು ನಾವೂ ಒಪ್ಪಿರಲಿಲ್ಲ. ಒಪ್ಪದಿದ್ದರೆ ಲೇಖನ ಬರೆಯಬಹುದಿತ್ತು, ಬರೆದವರೂ ಇದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲಿ ಗುಂಡಿಟ್ಟು ಅವರನ್ನು ಕೊಂದರು. ಸುದ್ದಿ ಕೇಳಿ ನಾವು ದಾವಣಗೆರೆಯಿಂದ ಓಡಿಬಂದಿದ್ದೆವು. ಜನಸಂದಣಿಯಲ್ಲಿ ಹತ್ತು ಮಾರು ದೂರದಲ್ಲಿ ಈ ಗೆಳೆಯರು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೂ ನಮ್ಮನ್ನು ನೋಡಿದರು. ಆ ಹತ್ತು ಮಾರನ್ನು ನಾವು ದಾಟಲಿಲ್ಲ. ಗುರುಗಳ ಸಾವಿನ ಮುಂದೆಯೂ ನಮಗೆ ಒಂದು ವಿಮರ್ಶೆಯ ಅಹಂಕಾರ ದೊಡ್ಡದಾಗಿತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

"ಅವತ್ತು ನೀವು ಬರ್ತೀರಿ ಅಂತ ಮಾಡಿದ್ದೆ" ಎಂದರು ಅವರು. ಯಾವತ್ತು ಎಂದು ನಾವು ಕೇಳಬೇಕಾಗಲಿಲ್ಲ.

ನಾವು ಹೇಳಿದ್ದು ಇಷ್ಟು: ಆ ವಿಮರ್ಶೆಯ ಕೊನೆಯ ಮಾತು ತಪ್ಪು, ಅದನ್ನು ಬರೆಯಬಾರದಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊನೇ ಮಾತು ಇರಲಿ. ನಡುವಿನ ಮಾತು? ಪಾಠದ್ದು?" ಎಂದು ಕೇಳಿದರು. ಪಂಡಿತರು! ಕ್ಷಮೆಗಿಂತ ಪಾಠ ಮುಖ್ಯ ಅವರಿಗೆ. ನಮಗೆ ನಗು ಬಂತು, ಅವರಿಗೂ ಬಂತು.

ವಾಚಕರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಲೆಗರಿಯ ಬರಹದಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಗಳನ್ನು ಬೇರೆಯಾಗಿ ತೋರಿಸುವ ವಾಡಿಕೆಯಿಲ್ಲ. ಪದ ಪದಗಳ ನಡುವೆ ತೆರಪನ್ನೂ ಬಿಡುವುದಿಲ್ಲ. 'ಕೊಡು' ಎಂಬುದೂ 'ಕೋಡು' ಎಂಬುದೂ ಗರಿಯ ಮೇಲೆ ಒಂದೇ ರೂಪ. ಕೊಡು ಎಂದರೆ ನೀಡು. ಕೋಡು ಎಂದರೆ ಕೊಂಬು, ಶಿಖರ. ಸಂದರ್ಭ ನೋಡಿ ಸಂಪಾದಕನೇ ನಿರ್ಣಯಿಸಬೇಕು. ಅವರು ಹ್ರಸ್ವ ಮಾಡಿ ಓದಿದ್ದರು. ನಾವು ದೀರ್ಘವೇ ಸರಿಯೆಂದು, ಶಿಖರವನ್ನು ತಂದು ಅಂಗಳಕ್ಕೆ ಕೆಡವಿದ್ದಾರೆಂದು ವಾದಿಸಿದ್ದೆವು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಒಂದೇ ಪ್ರತಿಯನ್ನು ನೋಡಿ ವಾದಿಸಿದ್ದೆವು. ಅವರು ಮೂರು ಪ್ರತಿ ನೋಡಿದ್ದರು. ಮೂರನೆಯದರಲ್ಲಿ ಅದೇ ಮಾತಿನ ಜಾಗದಲ್ಲಿ 'ನೀಡು' ಎಂದೇ ಇತ್ತಂತೆ. ಅದನ್ನು ಪೀಠಿಕೆಯಲ್ಲಿ ಬರೆಯಲು ಮರೆತದ್ದು ಅವರ ತಪ್ಪು. ಕೇಳದೆ ಬೈದದ್ದು ನಮ್ಮ ತಪ್ಪು. ಒಂದು ಪತ್ರ ಬರೆದಿದ್ದರೆ, ಅಥವಾ ಒಂದು ಬಾಕಿನ ಮೇಲೆ ಕುಳಿತು ಕೇಳಿದ್ದರೆ, ಅರ್ಧ ಲೋಟ ಚಹಾ ಮುಗಿಯುವುದರೊಳಗೆ ಬಗೆಹರಿಯುತ್ತಿದ್ದ ಸಂಗತಿ.

"ನೀನs ಸರಿ" ಎಂದೆವು. ನಮ್ಮ ಬಾಯಿಂದ ಏಕವಚನ ತಾನಾಗಿ ಬಂದಿತ್ತು.

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬಸಿ ಇಲ್ಲ ನೋಡು ಈಗ ಎಲ್ಲೂ" ಎಂದರು. "ನಾ ಏನ ಹೇಳತಿದ್ದೆ ಅಂದ್ರ, ಬಸಿಯೊಳಗ ಲಗೂನ ಆರತದ ಅಂತ. ಸುಳ್ಳ ಅದು. ನಿನಗ ಹಸಿವಿ ಭಾಳ ಇತ್ತು, ಅದಕ್ಕ ಕಪ್ಪು ಬಿಟ್ಟೆ." ನಾವು ತಲೆಯೆತ್ತಲಿಲ್ಲ. ಮಂಜು ಇತ್ತು, ಒಳ್ಳೆಯದಾಯಿತು. ಅವರಿಗೆ ನಮ್ಮ ಮುಖ ಹೇಗೂ ಕಾಣುತ್ತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಕಾಚಬಿಂದುವಿನಿಂದ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಬೆಳಕಷ್ಟೇ ಗೊತ್ತಾಗುತ್ತದೆ.

ಮೊಮ್ಮಗಳು ತಿರುಗಿ ಬಂದಾಗ ಅವಳ ಕೈಯಲ್ಲಿ ಬಟ್ಟೆಯ ಒಂದು ಗಂಟಿತ್ತು. ಆ ವಚನಗಳ ಎರಡನೆಯ ಆವೃತ್ತಿಗೆಂದು ಅವರು ಮಾಡಿಕೊಂಡ ಟಿಪ್ಪಣಿಗಳು, ನಾಲ್ಕು ವಹಿಗಳು, ಗರಿಗಳ ನೆರಳಚ್ಚು ಪ್ರತಿಗಳು. ಕಣ್ಣು ಹೋಗುವವರೆಗೆ ಬರೆದದ್ದು. ಕೊನೆಯ ಪುಟಗಳಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. "ಇದನ್ನ ಶುದ್ಧಪ್ರತಿ ಮಾಡಿ ಕೊಡು. ನೀ ಬ್ಯಾರೆ ಓದಿದಲ್ಲೆ ಅಡಿಟಿಪ್ಪಣಿಯೊಳಗ ನಿನ್ನ ಪಾಠ ಹಾಕು. ಬೈಯಬ್ಯಾಡ, ಅಷ್ಟ" ಎಂದರು. ಗಂಟನ್ನು ಮಡಿಲಲ್ಲಿಟ್ಟುಕೊಂಡೆವು. ಚಹಾದ ಹಣ ಕೊಡಲು ಇಬ್ಬರೂ ಜೇಬಿಗೆ ಕೈಹಾಕಿದೆವು. ಅಷ್ಟರಲ್ಲಿ ಹುಡುಗಿ ಕೊಟ್ಟುಬಿಟ್ಟಿದ್ದಳು, ಫೋನಿನಿಂದ.

ಮಧ್ಯಾಹ್ನ ಹೊರಡುವ ಮೊದಲು ಲೈನ್ ಬಜಾರಿನಲ್ಲಿ ಫೇಡೆಗಾಗಿ ಸರದಿ ನಿಂತೆವು. ಉತ್ತರ ಪ್ರದೇಶದ ಉನ್ನಾವ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲಸಿದ ಠಾಕೂರ ಮನೆತನದ ಕೈಗುಣ ಧಾರವಾಡದ ಹೆಸರನ್ನು ದೇಶದ ತುಂಬ ಒಯ್ದಿದೆ. ಹೊರಗಿನಿಂದ ಬಂದವರ ಅಡುಗೆ ಊರಿನ ಹೆಸರೇ ಆಗಿಬಿಡುವುದು ಎಂಥ ಸೊಗಸು! ಸರದಿಯಲ್ಲಿ ಅರ್ಧ ತಾಸು ನಿಂತು ಒಂದು ಕಿಲೋ ಕೊಂಡೆವು. ಮನೆಯವರಿಗೆ ಸಕ್ಕರೆ ಕಾಯಿಲೆ. ನಮಗೂ ಈಚೆಗೆ ಗಡಿಯ ಮೇಲಿದೆ. ಯಾರಿಗಾಗಿ ಇಷ್ಟೊಂದು ಎಂದು ಅವರು ಕೇಳುತ್ತಾರೆಂದು ಗೊತ್ತಿದ್ದೂ ಕೊಂಡೆವು. ಕೇಳಿದರು.

ಗಂಟು ಈಗ ನಮ್ಮ ಮೇಜಿನ ಮೇಲಿದೆ. ದಿನಕ್ಕೆ ಎರಡು ಮೂರು ಪುಟಗಳಿಗಿಂತ ಹೆಚ್ಚು ಸಾಗುವುದಿಲ್ಲ. ಅವರ ಅಕ್ಷರ ಕೊನೆಕೊನೆಗೆ ಗರಿಯ ಬರಹಕ್ಕಿಂತ ಕಠಿಣ. ಪ್ರತಿದಿನ ಸಂಜೆ ಅವರ ಫೋನು ಬರುತ್ತದೆ. ಎಷ್ಟಾಯಿತು ಎಂಬುದೊಂದೇ ಪ್ರಶ್ನೆ. ನಿನ್ನೆ, ಮೂವತ್ತೆಂಟು ಪುಟವಾಯಿತು, ಸಾವಕಾಶವಾಗಿ ಮಾಡುತ್ತಿದ್ದೇವೆ ಎಂದೆವು.

"ಸಾವಕಾಶ ಅಂದ್ರ ಎಷ್ಟು ಸಾವಕಾಶ?" ಎಂದರು. ಆಮೇಲೆ ಮೂರನೆಯ ವಹಿಯ ಒಂದು ಪದದ ಬಗ್ಗೆ ಒಂದು ಗಂಟೆ ಜಗಳವಾಯಿತು.